ಕೆ.ಆರ್. ಸರ್ಕಲ್‌ನ ಎರಡು ಗೇಟು

ಗೆಳೆಯರೇ, ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಕಾಲೇಜಿನಲ್ಲಿ ಏನು ನಡೆಯುತ್ತೆ ಅಂತ ನಿಮಗೇ ಗೊತ್ತು. ಮೈಸೂರು ಪೇಟದ ಫೋಟೋಗೆ ಹಾರ, ಒಂದು ಭಾಷಣ, ಮಧ್ಯಾಹ್ನದ ಮೇಲೆ ಸೇತುವೆ ಮಾಡೆಲ್ ಸ್ಪರ್ಧೆ. ಭಾಷಣದಲ್ಲಿ ರೈಲು ಹಳಿ ಬಿರುಕಿನ ಕಥೆ ಬಂದೇ ಬರುತ್ತೆ, ಅದು ಮುಗಿದ ಮೇಲೆ ಎರಡು ಮೇಣದಬತ್ತಿ ಕಥೆ. ಅವೆರಡನ್ನೂ ನಾನು ಇಲ್ಲಿ ಬರೆಯೋದಿಲ್ಲ. ಈ ಸಲ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯೋಕೆ ಕಾರಣ ನಮ್ಮ ಚಿಕ್ಕಪ್ಪನ ಮಗ.

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು, ತೂಬಗೆರೆ ಹೋಬಳಿ. ಮನೆ ಹಿಂದಿನ ದಿಬ್ಬ ಹತ್ತಿದರೆ ನಂದಿ ಬೆಟ್ಟ ಕಾಣುತ್ತೆ. ಬೆಟ್ಟದ ಆ ಕಡೆ ಮುದ್ದೇನಹಳ್ಳಿ. ಹಾಗಾಗಿ ನಮ್ಮ ಕಡೆ ಯಾವ ಮನೆಯಲ್ಲಿ ಹುಡುಗ ಸ್ವಲ್ಪ ಲೆಕ್ಕ ಚೆನ್ನಾಗಿ ಮಾಡಿದರೂ ವಿಶ್ವೇಶ್ವರಯ್ಯ ಆಗ್ತಾನೆ ಬಿಡು ಅನ್ನೋದು ವಾಡಿಕೆ. ಚಿಕ್ಕಪ್ಪನ ಮಗ ಎಸ್ಸೆಸ್ಸೆಲ್ಸಿ ಮುಗಿಸಿದ. ರಜೆಯಲ್ಲಿ ಎರಡು ತಿಂಗಳು ಒಂದು ಗ್ಯಾರೇಜಿನಲ್ಲಿ ಕೂತು ಬೈಕ್ ಇಂಜಿನ್ ಬಿಚ್ಚಿ ಜೋಡಿಸೋದು ಕಲಿತ. ಬಂದವನೇ ಆಟೊಮೊಬೈಲ್ ಡಿಪ್ಲೊಮಾ ಮಾಡ್ತೀನಿ, ಸೀಟು ಸಿಗದಿದ್ದರೆ ಐಟಿಐ ಅಂದ. ಮನೆಯಲ್ಲಿ ರಾಮಾಯಣ ಶುರುವಾಯ್ತು. ಪಿಯುಸಿ ಸೈನ್ಸ್ ಮಾಡಿ ಬಿಇ ಮಾಡಬೇಕಾದ ಹುಡುಗ ಗ್ರೀಸ್ ಕೈ ಮಾಡ್ಕೊಂಡು ಮೆಕ್ಯಾನಿಕ್ ಆಗೋದಾ ಅಂತ ಚಿಕ್ಕಮ್ಮ ಊಟ ಬಿಟ್ಟರು. ಕೊನೆಗೆ ಎಲ್ಲರೂ ಬೆಟ್ಟದ ಆ ಕಡೆ ಕೈ ತೋರಿಸಿದರು: ವಿಶ್ವೇಶ್ವರಯ್ಯ ಏನು ಐಟಿಐ ಓದಿದ್ರಾ?

ಓದಿರಲಿಲ್ಲ, ನಿಜ. ಆದರೆ ಆ ಮನುಷ್ಯನ ಜೀವನವನ್ನು ಪೂರ್ತಿ ಓದಿದ ಮೇಲೆ, ನಮ್ಮ ಮನೆಯವರು ಅವರನ್ನು ತಪ್ಪು ಪಕ್ಷಕ್ಕೆ ಸೇರಿಸಿದ್ದಾರೆ ಅಂತ ನನಗೆ ಅನ್ನಿಸಿತು.

ಅವರು ಹುಟ್ಟಿದ ವರ್ಷ 1861 ಅಂತ ಕೆಲವು ಪುಸ್ತಕಗಳಲ್ಲಿದೆ, 1860 ಅಂತ ಇನ್ನು ಕೆಲವದರಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿ, ತಾಯಿ ವೆಂಕಟಲಕ್ಷ್ಮಮ್ಮ. ಸಂಸ್ಕೃತ ವಿದ್ವಾಂಸರ ಮನೆ, ದುಡ್ಡಿಗೆ ಬಡತನ. ಚಿಕ್ಕಬಳ್ಳಾಪುರದಲ್ಲಿ ಶಾಲೆ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಸೋದರಮಾವ ಆಸರೆಯಾದರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿಕೊಟ್ಟು ಖರ್ಚು ತೂಗಿಸಿದರು. ಈಗ ನಮ್ಮಲ್ಲಿ ಕೆಲವರು ಸಂಜೆ ಟ್ಯೂಷನ್ ಮಾಡಿ, ರಾತ್ರಿ ಪಿಜಿಗೆ ಬಂದು ಅಸೈನ್‌ಮೆಂಟ್ ಬರೆಯೋದಿಲ್ವಾ, ಹಾಗೇ. 1881ರಲ್ಲಿ ಬಿಎ ಆಯ್ತು. ಆಗ ಸೆಂಟ್ರಲ್ ಕಾಲೇಜು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನಕ್ಕೆ ತನ್ನದೇ ವಿಶ್ವವಿದ್ಯಾಲಯವೂ ಇರಲಿಲ್ಲ, ಇಂಜಿನಿಯರಿಂಗ್ ಕಾಲೇಜೂ ಇರಲಿಲ್ಲ.

ಆ ಕಾಲಕ್ಕೆ ಬಿಎ ಅಂದರೆ ಸಣ್ಣ ಮಾತಲ್ಲ. ಹುಜೂರು ಕಚೇರಿಯಲ್ಲಿ ಕೆಲಸ, ಅಮಲ್ದಾರಿಕೆ, ಸಂಬಳ, ಗೌರವ ಎಲ್ಲಾ ಆ ಪದವಿಯ ಹಿಂದೆ ಬರುತ್ತಿತ್ತು. ತಂದೆ ಇಲ್ಲದ ಮನೆಯ ಹುಡುಗ ಅಲ್ಲಿಗೇ ನಿಲ್ಲಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ ಹೋದರು.

ಇಲ್ಲಿ ಸ್ವಲ್ಪ ನಿಂತು ಆ ಕಾಲೇಜನ್ನೇ ನೋಡಬೇಕು. ಪುಣೆಯ ಆ ಸಂಸ್ಥೆ 1854ರಲ್ಲಿ ಶುರುವಾದಾಗ ಅದರ ಹೆಸರು ಪೂನಾ ಇಂಜಿನಿಯರಿಂಗ್ ಕ್ಲಾಸ್ ಅಂಡ್ ಮೆಕ್ಯಾನಿಕಲ್ ಸ್ಕೂಲ್. ಲೋಕೋಪಯೋಗಿ ಇಲಾಖೆಗೆ ಕೆಳಹಂತದ ನೌಕರರನ್ನು ತಯಾರು ಮಾಡೋದು ಅದರ ಕೆಲಸ. ರಸ್ತೆ, ಕಟ್ಟಡದ ಕೆಲಸ ಮಾಡಿಸೋ ಓವರ್‌ಸಿಯರ್‌ಗಳು, ಸರ್ವೆಯರ್‌ಗಳು ಇಂಥವರು. ಬಾಂಬೆ ವಿಶ್ವವಿದ್ಯಾಲಯಕ್ಕೆ ಸೇರಿ ಪದವಿ ಕೊಡೋ ಕಾಲೇಜಾಗಿದ್ದು ಆಮೇಲೆ. ಅಂದರೆ ವಿಶ್ವೇಶ್ವರಯ್ಯ ಓದಿದ ಕಾಲೇಜು ಹುಟ್ಟುವಾಗ ಈಗಿನ ಲೆಕ್ಕದಲ್ಲಿ ಪಾಲಿಟೆಕ್ನಿಕ್ಕಿಗೆ ಹತ್ತಿರ ಇತ್ತು. ರೂರ್ಕಿ ಕಥೆಯೂ ಹೆಚ್ಚು ಕಡಿಮೆ ಇದೇ. ನಮ್ಮ ದೇಶದ ದೊಡ್ಡ ಇಂಜಿನಿಯರಿಂಗ್ ಕಾಲೇಜುಗಳ ಮುತ್ತಜ್ಜಂದಿರು ಕೈಕೆಲಸದ ಶಾಲೆಗಳೇ. ಈ ವಿಷಯ ಚಿಕ್ಕಮ್ಮನಿಗೆ ಹೇಳಿದೆ. ಅದು ಬೇರೆ ಕಾಲ ಬಿಡೋ ಅಂದರು.

1883ರ ಪರೀಕ್ಷೆಯಲ್ಲಿ ಅವರು ಮೊದಲಿಗರು. 1884ರಲ್ಲಿ ಬಾಂಬೆ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ಕಾರ್ಲ್ ಬೆಂಜ್ ತನ್ನ ಮೂರು ಚಕ್ರದ ಪೆಟ್ರೋಲ್ ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ನಮ್ಮ ಕಾರ್ ಕನಸಿನ ಮೊದಲ ಮನುಷ್ಯ ಇಂಜಿನಿಯರ್ ಆಗಿ ಎರಡು ವರ್ಷ ಕೆಲಸ ಮಾಡಿ ಆಗಿತ್ತು, ಜಗತ್ತಿನಲ್ಲಿ ಕಾರೇ ಇರಲಿಲ್ಲ! ಯಾವ ಬ್ರಾಂಚ್ ತಗೊಂಡರೆ ಮುಂದೆ ಸ್ಕೋಪ್ ಇದೆ ಅಂತ ಕೌನ್ಸೆಲಿಂಗ್ ಹಾಲ್‌ನಲ್ಲಿ ತಲೆ ಕೆಡಿಸಿಕೊಳ್ಳೋ ನಮಗೆ ಇದು ಯೋಚಿಸೋ ವಿಷಯವೇ.

ಬಾಂಬೆ ಪ್ರಾಂತ್ಯದ ವರ್ಷಗಳು, ಸಕ್ಕರ್‌ನ ನೀರು ಸರಬರಾಜು, ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕೂರಿಸಿದ ತಾನಾಗಿಯೇ ತೆರೆದುಕೊಳ್ಳೋ ಗೇಟುಗಳು, ಹೈದರಾಬಾದಿನ ಮೂಸಿ ಪ್ರವಾಹ, 1911ರಲ್ಲಿ ಶುರುವಾದ ಕನ್ನಂಬಾಡಿ ಇವೆಲ್ಲ ನಿಮಗೆ ಗೊತ್ತಿರೋದೇ, ಭಾಷಣದಲ್ಲಿ ಕೇಳಿದ್ದೀರಿ. ಭಾಷಣದಲ್ಲಿ ಬಾರದ ಒಂದು ವಿಷಯ ಅಂದರೆ 1898ರ ಜಪಾನ್ ಪ್ರವಾಸ. ಹಳ್ಳಿ, ಗದ್ದೆ, ಕುಶಲಕರ್ಮಿಗಳ ಒಂದು ದೇಶ ಕೆಲವೇ ದಶಕಗಳಲ್ಲಿ ಕಾರ್ಖಾನೆಗಳ ದೇಶವಾಗ್ತಾ ಇದ್ದದ್ದನ್ನು ಅವರು ಕಣ್ಣಾರೆ ಕಂಡರು. ಆಮೇಲೆ ಬರೆದ ಎಲ್ಲ ಯೋಜನೆಗಳಲ್ಲೂ ಜಪಾನ್ ಇಣುಕುತ್ತೆ. ಶಾಲೆ ಬೇಕು, ಅದರ ಜೊತೆಗೇ ಕೈಗೆ ಕೆಲಸ ಕಲಿಸೋ ಶಾಲೆಯೂ ಬೇಕು ಅನ್ನೋ ಹಟ ಅಲ್ಲಿಂದ ಬಂದಿರಬೇಕು.

1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದರು, 1912ರಿಂದ 1918ರವರೆಗೆ ದಿವಾನರು. ಈ ಆರು ವರ್ಷದಲ್ಲಿ ಅವರು ಎರಡು ಹಳಿ ಹಾಕಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಅಂದರೆ ಈಗಿನ ಯುವಿಸಿಇ. ಇದು ಒಂದು ಹಳಿ. ಹೆಬ್ಬಾಳದ ಕೃಷಿ ಶಾಲೆ, ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ಗೆ ಕೊಟ್ಟ ಒತ್ತು, ಅಲ್ಲಲ್ಲಿ ಕೈಗಾರಿಕಾ ಶಾಲೆಗಳು ಇನ್ನೊಂದು ಹಳಿ. ಮೊದಲನೇದು ಎಲ್ಲರಿಗೂ ನೆನಪಿದೆ. ಎರಡನೇದನ್ನು ನಾವು ಮರೆತಿದ್ದೇವೆ. ಕಾರಣ ಸುಲಭ: ಮರೆಯದವರು ಭಾಷಣ ಬರೆಯೋದಿಲ್ಲ, ಲೇತ್ ಓಡಿಸ್ತಾರೆ.

ಕುತೂಹಲಕ್ಕೆ ಹೇಳ್ತೀನಿ, ಅದೇ 1916ರಲ್ಲಿ ಅಮೆರಿಕದಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಯ ಜೊತೆಯಲ್ಲೇ ಒಂದು ಟ್ರೇಡ್ ಸ್ಕೂಲ್ ತೆರೆದ. ಬಡ ಮನೆಯ ಹುಡುಗರು ಅಲ್ಲಿ ಕಲಿಯುತ್ತಲೇ ಹಣ ಪಡೆಯುತ್ತಿದ್ದರು. ಫೋರ್ಡ್ ಸ್ವತಃ ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಡೆಟ್ರಾಯಿಟ್‌ನ ಮೆಷಿನ್ ಶಾಪ್‌ನಲ್ಲಿ ಅಪ್ರೆಂಟಿಸ್ ಆಗಿದ್ದವನು. ಬೆಂಜ್ ಮಾತ್ರ ಕಾರ್ಲ್ಸ್‌ರೂಹೆ ಪಾಲಿಟೆಕ್ನಿಕ್‌ನಲ್ಲಿ ಓದಿದವನು. ಕಾರಿನ ಇತಿಹಾಸದಲ್ಲೇ ಎರಡೂ ದಾರಿಯವರಿದ್ದಾರೆ.

ದಿವಾನಗಿರಿ ಬಿಟ್ಟ ಕಾರಣವನ್ನೂ ಹೇಳಬೇಕು, ಅದನ್ನು ಹಾರಿಸಿ ಬರೆಯೋದು ಸರಿಯಲ್ಲ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಸಿಗಬೇಕು ಅಂತ ಬೇಡಿಕೆ ಬಂತು. ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಮಾನದಂಡ ಆಗಬೇಕು ಅನ್ನೋದು ದಿವಾನರ ನಿಲುವು. ಭಿನ್ನಾಭಿಪ್ರಾಯ ಬೆಳೆದು ಅವರು ಹುದ್ದೆ ಬಿಟ್ಟರು. ಈ ಜಾಗದಲ್ಲಿ ನಾನು ಮಹಾರಾಜರ ಕಡೆ. ಯಾರ ಮನೆ ಮಗ ವಿಶ್ವವಿದ್ಯಾಲಯಕ್ಕೆ, ಯಾರ ಮನೆ ಮಗ ಕುಲುಮೆಗೆ ಅನ್ನೋದು ನಮ್ಮ ದೇಶದಲ್ಲಿ ಬರೀ ಮಾರ್ಕ್ಸ್ ಮೇಲೆ ಯಾವತ್ತೂ ತೀರ್ಮಾನ ಆಗಿಲ್ಲ. ನಮ್ಮ ಮನೇಲಿ ಬಿಇ ಅಂದರೆ ಅಷ್ಟು ಆಸೆ ಪಡೋದಕ್ಕೂ, ಗ್ರೀಸ್ ಅಂದರೆ ಅಷ್ಟು ಹೆದರೋದಕ್ಕೂ ಅದೇ ಕಾರಣ. ನಮ್ಮ ತಾತನಿಗೆ ಓದೋ ಅವಕಾಶವೇ ಸಿಗಲಿಲ್ಲ. ಮೊಮ್ಮಗ ಸಿಕ್ಕಿದ ಅವಕಾಶ ಬಿಟ್ಟು ಸ್ಪ್ಯಾನರ್ ಹಿಡೀತಾನೆ ಅಂದರೆ ಚಿಕ್ಕಮ್ಮನಿಗೆ ಸಂಕಟ ಆಗದೆ ಇರುತ್ತಾ? ಆ ಸಂಕಟಕ್ಕೆ ವಿಶ್ವೇಶ್ವರಯ್ಯನವರ ಬಳಿ ಪೂರ್ತಿ ಉತ್ತರ ಇರಲಿಲ್ಲ ಅಂತಲೇ ನನ್ನ ಅನಿಸಿಕೆ.

ಆದರೆ ಅರ್ಧ ಉತ್ತರ ಇತ್ತು. ಅದು ಸಿಕ್ಕಿದ್ದು ಭದ್ರಾವತಿಯಲ್ಲಿ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕಲ್ಲಿದ್ದಲಿನ ಬದಲು ಕಾಡಿನ ಸೌದೆಯ ಇದ್ದಿಲಿನಿಂದ ಅದಿರು ಕರಗಿಸೋ ಊದುಕುಲುಮೆ. ಮೊದಲಿಂದಲೇ ನಷ್ಟ. ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಮುಚ್ಚಿಬಿಡಿ ಅನ್ನೋರೇ ಹೆಚ್ಚು. ಆಗ ವಿಶ್ವೇಶ್ವರಯ್ಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು 1929ರವರೆಗೆ ನಿಂತರು. ಪರದೇಶದ ತಜ್ಞರ ಜಾಗಕ್ಕೆ ನಮ್ಮವರನ್ನು ತಯಾರು ಮಾಡಿ ಖರ್ಚು ಇಳಿಸಿದರು. ಕಾರ್ಖಾನೆ ನಡೆಸುವಾಗ ಪದವೀಧರ ಎಷ್ಟು ಬೇಕು, ಕೈ ಪಳಗಿದವನು ಎಷ್ಟು ಬೇಕು ಅನ್ನೋದು ಕಾಗದದ ಮೇಲೆ ಗೊತ್ತಾಗೋದಿಲ್ಲ. ಎರಕದ ಅಚ್ಚಿನಲ್ಲಿ ಮರಳು ಸರಿಯಾಗಿ ಗಟ್ಟಿಸದಿದ್ದರೆ ಎರಕ ಗುಳ್ಳೆ ಬೀಳುತ್ತೆ. ಅದನ್ನು ಕಂಡುಹಿಡಿಯೋನು ಮೌಲ್ಡರ್. ಒಬ್ಬ ಡಿಸೈನ್ ಇಂಜಿನಿಯರ್ ಹಿಂದೆ ಪ್ಯಾಟರ್ನ್ ಮಾಡೋನು, ಟರ್ನರ್, ಫಿಟ್ಟರ್, ವೆಲ್ಡರ್ ಅಂತ ಒಂದು ಊರೇ ಬೇಕು. ಈ ಕೆಲಸಕ್ಕೆ ಅವರು ಆಗ ಸಂಬಳ ತೆಗೆದುಕೊಳ್ಳಲಿಲ್ಲ. ಈ ಬಾಕಿ ಸಂಬಳ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕಾರಿನ ವಿಷಯ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯುರೋಪು ಮತ್ತು ಅಮೆರಿಕಕ್ಕೆ ಹೋದರು. ಉದ್ದೇಶ ಒಂದೇ: ಭಾರತದಲ್ಲಿ ಮೋಟಾರು ಕಾರು ತಯಾರಿಸೋಕೆ ಆಗುತ್ತಾ? ಡೆಟ್ರಾಯಿಟ್‌ನ ಕಾರ್ಖಾನೆಗಳನ್ನು ನೋಡಿದರು, ಲೆಕ್ಕ ಬರೆದುಕೊಂಡರು. 1936ರಲ್ಲಿ ಯೋಜನೆ ಅಚ್ಚಾಯ್ತು. ಆ ದಿನಗಳಲ್ಲಿ ಜನರಲ್ ಮೋಟಾರ್ಸ್, ಫೋರ್ಡ್ ಇಲ್ಲಿ ಮಾಡುತ್ತಿದ್ದದ್ದು ಹಡಗಿನಲ್ಲಿ ಬಂದ ಭಾಗಗಳನ್ನು ಜೋಡಿಸೋ ಕೆಲಸ. ಎಂವಿ ಕೇಳಿದ್ದು ಇಂಜಿನ್ ಬ್ಲಾಕ್ ಇಲ್ಲೇ ಎರಕ ಹೊಯ್ಯೋ ಕಾರ್ಖಾನೆ.

ಬಾಂಬೆಯ ಕಾಂಗ್ರೆಸ್ ಮಂತ್ರಿಮಂಡಲ ಬೆಂಬಲ ಕೊಡಲು ಮುಂದೆ ಬಂತು. 1939ರಲ್ಲಿ ಯುದ್ಧ ಶುರುವಾಗಿ ಕಾಂಗ್ರೆಸ್ ಮಂತ್ರಿಮಂಡಲಗಳೆಲ್ಲ ರಾಜೀನಾಮೆ ಕೊಟ್ಟವು, ಬೆಂಬಲವೂ ಅಲ್ಲಿಗೇ ನಿಂತಿತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅಮೆರಿಕಕ್ಕೆ ಹೋಗಿ ಕ್ರೈಸ್ಲರ್ ಕಂಪನಿ ಜೊತೆ ಮಾತು ಕುದುರಿಸಿಕೊಂಡು ಬಂದರು. ಕಾರ್ಖಾನೆಯನ್ನು ಬೆಂಗಳೂರಿನಲ್ಲೇ ಹಾಕೋಣ, ಮೈಸೂರು ಸಂಸ್ಥಾನ ಪಾಲುದಾರ ಆಗಲಿ ಅಂತ ಪ್ರಯತ್ನ ನಡೆಯಿತು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಸಂಸ್ಥಾನಕ್ಕೆ ಮನಸ್ಸಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಅದೇ ವಾಲ್‌ಚಂದ್, ಅದೇ ಮೈಸೂರು ಸಂಸ್ಥಾನ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಯುದ್ಧಕ್ಕೆ ವಿಮಾನ ಬೇಕಿತ್ತು, ಕಾರು ಬೇಕಿರಲಿಲ್ಲ. ಬೆಂಗಳೂರು ಕಾರಿನ ಊರಾಗುವ ಬದಲು ವಿಮಾನದ ಊರಾಗಿದ್ದು ಹೀಗೆ. ವಾಲ್‌ಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ 1944ರಲ್ಲಿ ಬಾಂಬೆಯಲ್ಲಿ ಹುಟ್ಟಿತು. ನಮ್ಮ ತಂದೆ ಕಾಲದವರು ಫಿಯೆಟ್ ಫಿಯೆಟ್ ಅಂತ ಹೇಳ್ತಾರಲ್ಲ, ಆಮೇಲೆ ಪ್ರೀಮಿಯರ್ ಪದ್ಮಿನಿ ಅನ್ನಿಸಿಕೊಂಡ ಗಾಡಿ, ಅದರ ಕಾರ್ಖಾನೆ.

ಐದಾರು ವರ್ಷ ಅರ್ಜಿ ಹಿಡಿದು ಓಡಾಡಿದ ಮುದುಕರೊಬ್ಬರಿಗೆ ಇದು ಎಷ್ಟು ಬೇಸರ ತಂದಿರಬೇಕು! ಎಂಬತ್ತರ ಹತ್ತಿರದ ವಯಸ್ಸು. ಯಾರಾದರೂ ಸಾಕಪ್ಪ ಅಂತ ಕೂತುಬಿಡ್ತಿದ್ದರು. ಅವರು ಬೇರೆ ಕಡೆಯಿಂದ ಹಿಡಿದರು. ಭದ್ರಾವತಿಯ ಸೇವೆಗೆ ಸಲ್ಲಬೇಕಿದ್ದ ಬಾಕಿ ಹಣವನ್ನು ಕೊಡಲು ಮೈಸೂರು ಸರ್ಕಾರ ಮುಂದಾಯ್ತು. ಲಕ್ಷ ಮೀರಿದ ಮೊತ್ತ, ಆ ಕಾಲದ ಲಕ್ಷ. ಅವರು ಆ ಹಣ ತಮಗೆ ಬೇಡ, ಹುಡುಗರಿಗೆ ಕಸುಬು ಕಲಿಸೋ ಒಂದು ಸಂಸ್ಥೆ ಕಟ್ಟಿ ಅಂದರು. ಅದಕ್ಕೆ ತಮ್ಮ ಹೆಸರು ಇಡೋದೂ ಬೇಡ ಅಂತ ಮಹಾರಾಜರ ಹೆಸರು ಸೂಚಿಸಿದರು. 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಶುರುವಾಯ್ತು. ಇವತ್ತು ನಾವು ಎಸ್‌ಜೆಪಿ ಅನ್ನೋದು ಅದನ್ನೇ.

ಆಕ್ಯುಪೇಷನಲ್ ಅನ್ನೋ ಪದ ನೋಡಿ. ವೃತ್ತಿ, ಕಸುಬು. ಜೀವನ ಪೂರ್ತಿ ದುಡಿದ ಮೇಲೆ, ತನ್ನ ಕೈಯ ಹಣವನ್ನು ಎಲ್ಲಿ ಹಾಕಬೇಕು ಅಂತ ಕೇಳಿದಾಗ, ಬಿಎ ಓದಿ, ವಿಶ್ವವಿದ್ಯಾಲಯ ಕಟ್ಟಿ, ಇಂಜಿನಿಯರಿಂಗ್ ಕಾಲೇಜು ಕಟ್ಟಿದ ಮನುಷ್ಯ ಆರಿಸಿದ್ದು ಇದನ್ನು. ಅಲ್ಲಿ ಸಿನಿಮಾ ಛಾಯಾಗ್ರಹಣ ಕೂಡ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ 1940ರ ದಶಕದಲ್ಲಿ ಅಲ್ಲಿ ಕಲಿತು ಬಾಂಬೆಗೆ ಹೋಗಿ ಗುರುದತ್ ಅವರ ಸಿನಿಮಾಗಳಿಗೆ ಕ್ಯಾಮೆರಾ ಹಿಡಿದರು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಡಿಪ್ಲೊಮಾ ಓದಿದವನು ಎಲ್ಲಿಗೆ ಹೋಗ್ತಾನೆ ಅಂತ ಕೇಳೋರಿಗೆ ನಾನು ಕೊಡೋ ಮೊದಲ ಹೆಸರು ಇದೇ.

ಇನ್ನೊಂದು ಮಜಾ. ಯುವಿಸಿಇ ಮತ್ತು ಎಸ್‌ಜೆಪಿ ಎರಡೂ ಇರೋದು ಕೆ.ಆರ್. ಸರ್ಕಲ್ ಹತ್ತಿರವೇ. ನಡೆದರೆ ಕೆಲವೇ ನಿಮಿಷ. ಒಂದು 1917ರದ್ದು, ಇನ್ನೊಂದು 1943ರದ್ದು. ಒಂದು ಪದವಿಗೆ, ಒಂದು ಕಸುಬಿಗೆ. ಎರಡರ ಹಿಂದೆಯೂ ಒಬ್ಬರೇ. ಮಧ್ಯೆ ಇರೋ ಇಪ್ಪತ್ತಾರು ವರ್ಷದಲ್ಲಿ ಭದ್ರಾವತಿ ಇದೆ, ಡೆಟ್ರಾಯಿಟ್ ಇದೆ, ಕೈಗೂಡದ ಒಂದು ಕಾರ್ ಕಾರ್ಖಾನೆ ಇದೆ.

ಈ ಕಥೆಯೆಲ್ಲ ಹೇಳಿದ ಮೇಲೆ ಚಿಕ್ಕಪ್ಪ ಕೇಳಿದ್ದು ಒಂದೇ: ಸರಿ ಕಣಪ್ಪ, ಆಮೇಲೆ ಬಿಇ ಮಾಡ್ಬೇಕು ಅನ್ನಿಸಿದ್ರೆ? ಇದಕ್ಕೆ ಉತ್ತರ ಲೆಕ್ಕದಲ್ಲಿದೆ, ನಮ್ಮಲ್ಲಿ ಎಷ್ಟೋ ಜನ ಈ ಲೆಕ್ಕ ಮಾಡಿಯೇ ಇರಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಪಿಯುಸಿ 2, ಬಿಇ 4, ಒಟ್ಟು 6 ವರ್ಷ. ಡಿಪ್ಲೊಮಾ 3, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಸೇರಿದರೆ ಇನ್ನು 3, ಅದೂ 6. ಎರಡು ವರ್ಷದ ಐಟಿಐ ಮಾಡಿದವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಅವನಿಗೆ ಒಟ್ಟು 7 ವರ್ಷ. ಒಂದು ವರ್ಷ ಜಾಸ್ತಿ, ಆದರೆ ನಡುವೆ ಎರಡು ಕಡೆ ಇಳಿದು ಕೆಲಸಕ್ಕೆ ಹೋಗಬಹುದಾದ ನಿಲ್ದಾಣ ಇದೆ. ಪಿಯುಸಿ ಗಾಡಿ ಮಧ್ಯೆ ನಿಲ್ಲಲ್ಲ.

ಕಷ್ಟವನ್ನೂ ಹೇಳಿದೆ. ಮೂರನೇ ಸೆಮಿಸ್ಟರ್‌ಗೆ ನಮ್ಮ ಕ್ಲಾಸಿಗೆ ಲ್ಯಾಟರಲ್ ಎಂಟ್ರಿಯಲ್ಲಿ ಬಂದ ಹುಡುಗರು ಮೆಷಿನ್ ಶಾಪ್ ಲ್ಯಾಬ್‌ನಲ್ಲಿ ರಾಜರು. ನಾವು ಲೇತ್ ಮುಂದೆ ಬೆಪ್ಪಾಗಿ ನಿಂತಿದ್ದರೆ ಅವರು ಜಾಬ್ ಮುಗಿಸಿ ಟೀ ಕುಡಿಯೋಕೆ ಹೋಗಿರ್ತಾರೆ. ಮ್ಯಾಥ್ಸ್ ಕ್ಲಾಸಿನಲ್ಲಿ ಫೂರಿಯರ್ ಸರಣಿ ಬಂದಾಗ ಕಥೆ ಉಲ್ಟಾ, ಪಾಪ. ನಮ್ಮ ಹಾಸ್ಟೆಲ್‌ನಲ್ಲಿ ಒಂದು ಒಪ್ಪಂದವೇ ನಡೀತಿದೆ: ಅವರು ನಮಗೆ ಟೂಲ್ ಹಿಡಿಯೋದು, ನಾವು ಅವರಿಗೆ ಇಂಟಿಗ್ರೇಷನ್. ಕಾರಿನ ಕೆಲಸಕ್ಕೆ ಎರಡೂ ಬೇಕು ಅನ್ನೋದಕ್ಕೆ ಹೊಸಕೋಟೆ ಕಡೆಯ ಬಸ್ಸು, ಲಾರಿ ಕಾರ್ಖಾನೆಯನ್ನೋ ಬಿಡದಿಯ ಕಾರ್ ಕಾರ್ಖಾನೆಯನ್ನೋ ಒಂದು ದಿನ ಇಂಡಸ್ಟ್ರಿಯಲ್ ವಿಸಿಟ್‌ನಲ್ಲಿ ನೋಡಿ ಬಂದರೆ ಸಾಕು. ಬಿಡದಿಯ ಟೊಯೊಟಾದವರಂತೂ 2007ರಿಂದ ಹತ್ತನೇ ತರಗತಿ ಮುಗಿಸಿದ ಹಳ್ಳಿ ಮಕ್ಕಳಿಗೆ ತಮ್ಮದೇ ತರಬೇತಿ ಶಾಲೆ ನಡೆಸ್ತಿದ್ದಾರೆ.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿ, ಬೆಂಗಳೂರಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅರ್ಜಿ ಹಾಕೋ ಹಿಂದಿನ ಭಾನುವಾರ ನಾನು, ಚಿಕ್ಕಪ್ಪನ ಮಗ ಬೈಕಿನಲ್ಲಿ ಅಲ್ಲಿಗೆ ಹೋಗಿದ್ದೆವು. ಹಳೇ ಮನೆ ನೋಡಿದೆವು. ಅವನಿಗೆ ಸಮಾಧಿಗಿಂತ ವಾಪಸ್ ಬರುವಾಗ ನನ್ನ ಬೈಕ್ ಚೈನ್ ಮಾಡ್ತಿದ್ದ ಸದ್ದಿನ ಮೇಲೇ ಗಮನ. ಬೆಟ್ಟದ ತಿರುವಿನಲ್ಲಿ ನಿಲ್ಲಿಸಿ, ಸ್ಲ್ಯಾಕ್ ಜಾಸ್ತಿ ಆಗಿದೆ ಕಣಣ್ಣ ಅಂತ ಬಿಗಿ ಮಾಡಿದ.

ಡಿಪ್ಲೊಮಾ ಸೀಟು ಸಿಕ್ಕಿದೆ. ಸೋಮವಾರ ಮೊದಲ ವರ್ಕ್‌ಶಾಪ್ ಕ್ಲಾಸ್. ಖಾಕಿ ಅಂಗಿ ಹೊಲಿಸಿಕೊಟ್ಟಿದ್ದು ಚಿಕ್ಕಮ್ಮನೇ. ತೋಳು ಸ್ವಲ್ಪ ಉದ್ದ ಇಡಿಸಿದ್ದಾರೆ, ಮೂರು ವರ್ಷಕ್ಕೂ ಬರಲಿ ಅಂತ.